ಹೊಸ ಪ್ರಯೋಗಾಲಯಕ್ಕೆ ಯಾರ್ಯಾರು ಬೇಕು?

ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ನಾವು ಪ್ರತಿ ವರ್ಷ ಕಾಣುವುದು ಒಂದೇ ಚಿತ್ರ: ಪಿಯುಸಿ ವಿಜ್ಞಾನ ಮುಗಿದ ಮೇಲೆ ನೀಟ್ ಅಥವಾ ಸಿಇಟಿ, ಅದು ಕೈತಪ್ಪಿದರೆ ವಿಜ್ಞಾನಕ್ಕೇ ಸಲಾಮು. ಸಂಶೋಧನೆ ನಮ್ಮ ಮನೆಯ ಮಕ್ಕಳಿಗಲ್ಲ ಎಂದು ಪೋಷಕರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಆದ್ದರಿಂದ ಈ ಸಲ, ಹೊಸ ಸಂಶೋಧನಾ ಪ್ರಯೋಗಾಲಯಕ್ಕೆ ಎಂಥವರನ್ನು ಸೇರಿಸಿಕೊಳ್ಳುತ್ತಾರೆ ಎಂಬುದನ್ನು ತಿಳಿಯೋಣ.

ಒಬೈದ್ ಸಿದ್ದೀಕಿ ಅವರು 1932ರಲ್ಲಿ ಇಂದಿನ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿದವರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿಎಚ್.ಡಿ. ಪಡೆದರು. 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿ ಘಟಕ ಆರಂಭಿಸಿದರು. ಆಗ ಅದು ಮುಖ್ಯವಾಗಿ ಭೌತಶಾಸ್ತ್ರ ಮತ್ತು ಗಣಿತದ ಸಂಸ್ಥೆ. ಈ ಹೊಸ ವಿಷಯ ಕಲಿತವರು ದೇಶದಲ್ಲೇ ವಿರಳ. ಹಾಗಾಗಿ ಬೇರೆ ವಿಷಯ ಓದಿದವರಿಗೂ ಅಲ್ಲಿ ಜಾಗವಿತ್ತು. ಪಿ. ಬಾಬು ಅವರು ಭೌತಶಾಸ್ತ್ರದಿಂದ ಬಂದವರು. ಕೀನ್ಯಾದಲ್ಲಿ ಹುಟ್ಟಿದ ವೆರೋನಿಕಾ ರಾಡ್ರಿಗಸ್ ಸಿದ್ದೀಕಿಯವರ ವಿದ್ಯಾರ್ಥಿನಿಯಾಗಿ ನೊಣದ ರುಚಿ, ವಾಸನೆಯ ಗ್ರಹಿಕೆಯನ್ನು ಅಭ್ಯಸಿಸಿದರು. ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದ ಕೆ. ವಿಜಯರಾಘವನ್ ಕೂಡ ಅಲ್ಲಿಯೇ ಪಿಎಚ್.ಡಿ. ಮಾಡಿದರು. ಮುಂದೆ ಸಿದ್ದೀಕಿಯವರು ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಕಟ್ಟಿದಾಗ, ಅವರ ನಂತರ ಅದರ ನಿರ್ದೇಶಕರಾದವರು ಇದೇ ವಿಜಯರಾಘವನ್.

ಇವು ದೊಡ್ಡ ಹೆಸರುಗಳು. ಹೆಸರು ಹೊರಗೆ ಬಾರದ ಕೆಲಸಗಳೂ ಪ್ರಯೋಗಾಲಯದಲ್ಲಿ ಬಹಳ ಇವೆ. ಸಂಶೋಧನೆಗೆ ಬಳಸುವ ನೊಣ ಬಾಳೆಹಣ್ಣಿನ ಮೇಲೆ ಹಾರಾಡುವಂಥ ಪುಟ್ಟ ನೊಣ. 25 ಡಿಗ್ರಿ ಶಾಖದಲ್ಲಿ ಸುಮಾರು 10 ದಿನಕ್ಕೆ ಮೊಟ್ಟೆಯಿಂದ ಹೊಸ ನೊಣ ಬರುತ್ತದೆ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಬೇಯಿಸಿ ಅದಕ್ಕೆ ಆಹಾರ ಮಾಡಬೇಕು. ಪ್ರತಿ ತಳಿಯನ್ನೂ ಹೊಸ ಬಾಟಲಿಗೆ ಬದಲಾಯಿಸುತ್ತಲೇ ಇರಬೇಕು. ಮರೆತರೆ ವರ್ಷಗಟ್ಟಲೆ ಕಾಪಾಡಿದ ತಳಿ ನಾಶವಾಗುತ್ತದೆ. ನೊಣಕ್ಕೆ ಭಾನುವಾರವೂ ಇಲ್ಲ, ಹಬ್ಬದ ರಜೆಯೂ ಇಲ್ಲ! ಈ ಕೆಲಸಕ್ಕೆ ನಂಬಿಕಸ್ಥ ತಂತ್ರಜ್ಞರು ಬೇಕು. ಯಂತ್ರಗಳಿಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದವರು, ಶೀತಲ ಕೋಣೆಗೆ ಐಟಿಐ ಕಲಿತವರು, ರಾಸಾಯನಿಕ ತರಿಸಲು ಉಗ್ರಾಣದವರು, ಲೆಕ್ಕಕ್ಕೆ ಬಿ.ಕಾಂ. ಓದಿದವರೂ ಬೇಕು. ನಮ್ಮನ್ನು ಕೇಳಿದರೆ, ಎರಡನೇ ವಿಜ್ಞಾನಿಗಿಂತ ಮುಂಚೆ ಒಬ್ಬ ಒಳ್ಳೆಯ ತಂತ್ರಜ್ಞರನ್ನು ನೇಮಿಸಬೇಕು. ನೋಡಿಕೊಳ್ಳುವವರಿಲ್ಲದೆ ಸೂಕ್ಷ್ಮದರ್ಶಕಗಳು ಬೀರುವಿನಲ್ಲೇ ಬೂಷ್ಟು ಹಿಡಿಯುವುದನ್ನು ಶಾಲೆಗಳಲ್ಲಿ ಸಾಕಷ್ಟು ಕಂಡಿದ್ದೇವೆ.

ಪೋಷಕರು ಕೇಳುವ ಪ್ರಶ್ನೆ ಸಂಪಾದನೆಯದು. ಎಂ.ಎಸ್ಸಿ. ನಂತರ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ ತಿಂಗಳಿಗೆ ಫೆಲೋಶಿಪ್ ಸಿಗುತ್ತದೆ. 2023ರ ಜನವರಿಯಿಂದ ಅದು 37,000 ರೂಪಾಯಿ. ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದವರಿಗೆ ಪ್ರಾಜೆಕ್ಟ್ ಸಹಾಯಕರ ಹುದ್ದೆಗಳಿವೆ. ಅವು ತಾತ್ಕಾಲಿಕ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕೈಗೆ ಕೆಲಸ ಕಲಿಸುವುದು ಅವೇ.

ನೀಟ್‌ನಲ್ಲಿ ಸೀಟು ಸಿಗದ ಮಗಳನ್ನು ಮನೆಯಲ್ಲಿ ಕೂರಿಸುವ ಮೊದಲು ನಮ್ಮೊಡನೆ ಒಮ್ಮೆ ಮಾತಾಡಿ. ಬಿ.ಎಸ್ಸಿ., ಡಿಪ್ಲೊಮಾ, ಐಟಿಐಗೆ ಸೇರುವವರೂ ಈ ವರ್ಷ ಅರ್ಜಿ ಹಾಕಬಹುದು. ಎಂಬಿಬಿಎಸ್‌ಗೆ ಮಾತ್ರ ಎಂದು ಹಣ ಮೀಸಲಿಡುವ ದಾನಿಗಳಲ್ಲಿ ನಮ್ಮದೊಂದು ಕೋರಿಕೆ: ಆ ಷರತ್ತನ್ನು ಸ್ವಲ್ಪ ಸಡಿಲಿಸಿ, ಒಂದು ಪಾಲು ಈ ಮಕ್ಕಳ ಶುಲ್ಕಕ್ಕೂ ಇರಲಿ.