ಕಛೇರಿಯ ವಿಳಂಬವೂ ಕಾನೂನಿನ ಗಡುವೂ



ಕಾಫಿ ಹಣ್ಣು ಪಲ್ಪರಿಗೆ ಬಿದ್ದ ದಿನಗಳಲ್ಲಿ ಹಳ್ಳದ ನೀರು ಕಂದಾಗಿ ನಾರುವುದು ಬೆಳೆಗಾರರಾದ ನಮಗೆ ಹೊಸದಲ್ಲ. ಮೇಲಿನ ತೋಟದ ನೀರು ಕೆಳಗಿನವರ ಬಾವಿಗೆ ಇಳಿದರೆ, ಬಾವಿ ಶುದ್ಧ ಮಾಡಿಸುವ ಖರ್ಚು ಯಾರದು? "ಅರ್ಜಿ ಕೊಟ್ಟಾಗಿದೆ, ಕಛೇರಿಯವರು ನೋಡಿಕೊಳ್ಳುತ್ತಾರೆ" ಎಂದು ಸುಮ್ಮನಿರುವವರು ಈ ಕೆಳಗಿನ ಮಾತುಗಳನ್ನು ಗಮನಿಸಬೇಕು.

ಖರ್ಚು ಕೆಡಿಸಿದವನದೇ. 1996ರ ವೆಲ್ಲೂರು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನೊಂದವರಿಗೆ ಪರಿಹಾರವನ್ನಷ್ಟೇ ಅಲ್ಲ, ಕೆಟ್ಟ ಪರಿಸರವನ್ನು ಸರಿಪಡಿಸುವ ವೆಚ್ಚವನ್ನೂ ಅವನೇ ಭರಿಸಬೇಕೆಂದು ಹೇಳಿತು. ಮಂಡಲಿ ವಿಧಿಸಿದ ಕಾಮಗಾರಿಯನ್ನು ಒಬ್ಬನು ಮಾಡದಿದ್ದರೆ, ನೋಟೀಸು ಕೊಟ್ಟು ಮಂಡಲಿಯೇ ಅದನ್ನು ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು 1974ರ ಜಲಮಾಲಿನ್ಯ ಕಾಯಿದೆಯ 30ನೇ ಕಲಂ ಅಧಿಕಾರ ಕೊಡುತ್ತದೆ. ಮಂಡಲಿಗಳು ಪರಿಸರ ನಷ್ಟಕ್ಕೆ ಪರಿಹಾರ ವಿಧಿಸಬಹುದೆಂದು, ಅದಕ್ಕೆ ಮೊದಲು ನಿಯಮಗಳಿರಬೇಕೆಂದು, 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಮಂಡಲಿ ಸುಮ್ಮನಿದ್ದರೆ? ಅದೇ ಕಾಯಿದೆಯ 49ನೇ ಕಲಮಿನಂತೆ, ಮಂಡಲಿಗೆ 60 ದಿನಗಳಿಗೆ ಕಡಿಮೆಯಿಲ್ಲದ ನೋಟೀಸು ಕೊಟ್ಟು ಯಾರು ಬೇಕಾದರೂ ನ್ಯಾಯಾಲಯದಲ್ಲಿ ದೂರು ಹೂಡಬಹುದು. ಪರಿಹಾರಕ್ಕೆ ಮಂಡಲಿಯನ್ನೇ ಕಾಯಬೇಕೆಂದಿಲ್ಲ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ಕಾಯಿದೆಯ 15ನೇ ಕಲಮಿನಂತೆ ನೇರವಾಗಿ ಅರ್ಜಿ ಹಾಕಬಹುದು. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. ಆದರೆ ಕಾರಣ ಮೊದಲು ಉಂಟಾದ ದಿನದಿಂದ 5 ವರ್ಷದೊಳಗೆ ಹಾಕಬೇಕು. ಸಕಾರಣವಿದ್ದರೆ ಇನ್ನು 60 ದಿನ ಮಾತ್ರ. ಕಛೇರಿಯ ಉತ್ತರಕ್ಕಾಗಿ ಕಾದ ದಿನಗಳನ್ನೂ ಈ ಲೆಕ್ಕ ಬಿಡುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ವಿಳಂಬದ ಬೆಲೆಯನ್ನು ಸರ್ಕಾರವೂ ತೆತ್ತೀತು. ಬೆಳ್ಳಂದೂರು ಕೆರೆಯ ವಿಷಯದಲ್ಲಿ 2018ರ ಡಿಸೆಂಬರಿನಲ್ಲಿ ಇದೇ ನ್ಯಾಯಮಂಡಲಿಯು ರಾಜ್ಯ ಸರ್ಕಾರ 50 ಕೋಟಿ, ಬೆಂಗಳೂರು ಮಹಾನಗರ ಪಾಲಿಕೆ 25 ಕೋಟಿ ರೂಪಾಯಿ ಕಟ್ಟಬೇಕೆಂದು ಆದೇಶಿಸಿತು.

ಆದ್ದರಿಂದ ನೀರು ಕೆಟ್ಟ ದಿನವನ್ನು ಬರೆದಿಡಿ. ಚಿತ್ರ ತೆಗೆಯಿರಿ. ಅರ್ಜಿಯ ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ದುರಸ್ತಿಯ ರಸೀತಿಗಳನ್ನು ಕಾಪಾಡಿ. ಜೊತೆಗೆ ನಿಮ್ಮ ಪಲ್ಪರಿನ ನೀರೂ ಅಡಕೆ ಬೇಯಿಸಿದ ನೀರೂ ಎಲ್ಲಿಗೆ ಹರಿಯುತ್ತಿವೆಯೆಂದು ಒಮ್ಮೆ ನಡೆದು ನೋಡಿ ಬನ್ನಿ. ನಾವೂ ಯಾರದೋ ಬಾವಿಗೆ ಮೇಲಿನ ತೋಟದವರೇ.

— ಕಾರ್ಯದರ್ಶಿ, ಅಮೃತಾಪುರ