ಎತ್ತಿಗೆ ಸೋಮವಾರ ಉಂಟು, ನಿನಗೆ?

ಚಿ. ಸೌ. ಮಗಳಿಗೆ,

  

ಮೊನ್ನೆ ಫೋನಿನಲ್ಲಿ ನೀನು ಸಣ್ಣವನ ಕೆಮ್ಮು, ದೊಡ್ಡವಳ ಪರೀಕ್ಷೆ, ನಿಮ್ಮ ಅತ್ತೆಯವರ ಮೊಣಕಾಲು ನೋವು, ಶಾಲೆಯ ಕೆಲಸ ಎಲ್ಲ ಹೇಳಿದೆ. "ನೀ ಹೆಂಗ ಅದೀ?" ಎಂದು ಕೇಳಿದಾಗ, "ನನಗೇನಾಗೇತಿ ದೊಡ್ಡವ್ವ, ಆರಾಮ ಅದೀನಿ" ಎಂದು ಮಾತು ತಿರುಗಿಸಿದೆ. ದನಿ ಮಾತ್ರ ಬೇರೆಯೇ ಹೇಳುತ್ತಿತ್ತು. ಅದಕ್ಕೇ ಈ ಪತ್ರ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹೊಲದಲ್ಲಿ ಎಷ್ಟೇ ಕೆಲಸವಿದ್ದರೂ ಅವತ್ತು ಎತ್ತಿನ ಹೆಗಲಿಗೆ ನೊಗ ಏರಿಸದ ಮನೆತನಗಳು ಇಂದಿಗೂ ಇವೆ. ದುಡಿಯುವ ಜೀವಕ್ಕೆ ಬಿಡುವು ಕೊಡುವುದೇ ಧರ್ಮ ಎಂದು ನಡೆದುಕೊಂಡು ಬಂದ ಊರುಗಳು ನಮ್ಮವು. ಆದರೆ ಎಷ್ಟೋ ಮನೆಗಳಲ್ಲಿ ಅದೇ ಸೋಮವಾರ ಹೆಣ್ಣುಮಗಳಿಗೆ ಉಪವಾಸ, ಮೇಲೆ ಮನೆ ತೊಳೆಯುವ ಕೆಲಸ. ಎತ್ತಿಗೆ ಸಲ್ಲುವ ನ್ಯಾಯ ತಾಯಿಗೂ ಸಲ್ಲಬೇಕಲ್ಲವೇ?

ಹೆಣ್ಣಿನ ದಣಿವು ನಮ್ಮ ಹಿರಿಯರಿಗೆ ತಿಳಿಯದ್ದಲ್ಲ. ಬಾಣಂತನದಲ್ಲಿ ಎಣ್ಣೆ-ನೀರು, ಅಳವಿ ಪಾಯಸ, ಅಂಟಿನ ಉಂಡಿ ಎಂದು ಎಷ್ಟು ಜೋಪಾನ! ಪಂಚಮಿಗೆ ತವರಿಗೆ ಕರೆತಂದು, ಉಂಡಿ ತಿನ್ನಿಸಿ, ಜೋಕಾಲಿ ಆಡಿಸುವ ಪದ್ಧತಿಯೂ ಅವರದ್ದೇ. ಆದರೆ ಬಾಣಂತನ ಕೆಲವೇ ತಿಂಗಳಿನದು, ಪಂಚಮಿ ವರ್ಷಕ್ಕೊಮ್ಮೆ. ಕೂಸು ಅಂಗಳಕ್ಕಿಳಿದ ಮೇಲೆ ತಾಯಿಯ ಮೈ ಹೇಗಿದೆ ಎಂದು ಕೇಳುವವರಿಲ್ಲ. ದಿನವೂ ದುಡಿಯುವ ಮೈಗೆ ಆರೈಕೆಯೂ ದಿನವೂ ಬೇಕು.

"ಇದು ಚೆನ್ನಮ್ಮನ ನೆಲ, ಇಲ್ಲಿಯ ಹೆಣ್ಣು ಎಲ್ಲಾ ತಡಕೋಬೇಕು" ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ದತ್ತುಮಗನಿಗೆ ಗಾದಿ ಇಲ್ಲ ಎಂದು ಕಂಪನಿ ಸರಕಾರ ಹೇಳಿದಾಗ ಕಿತ್ತೂರಿನ ರಾಣಿ ತಡಕೊಂಡು ಕೂಡಲಿಲ್ಲ. ಆಗುವುದಿಲ್ಲ ಎಂದಳು. 1824ರ ಅಕ್ಟೋಬರ್ 23ರಂದು ಕಂಪನಿ ಸೈನ್ಯದೊಡನೆ ನಡೆದ ಕಾಳಗದಲ್ಲಿ ಆ ಮಾತಿಗೆ ಕೋಟೆಯೇ ಸಾಕ್ಷಿಯಾಯಿತು. ನಮ್ಮೂರು ಬೈಲಹೊಂಗಲದಲ್ಲಿರುವ ಅವಳ ಸಮಾಧಿಗೆ ಕೈಮುಗಿದಾಗಲೆಲ್ಲ ನನಗೆ ನೆನಪಾಗುವುದು ಆ ದಿಟ್ಟತನ. ಮೈಯಲ್ಲಿ ಶಕ್ತಿ ಇಲ್ಲದ ದಿನ "ಇವತ್ತ ಇದು ನನ್ನಿಂದ ಆಗೂದಿಲ್ಲ" ಎಂದು ಮನೆಯವರಿಗೆ ಹೇಳು. ಹಾಗೆ ಹೇಳಿದ್ದರಿಂದ ನಿನ್ನ ತಾಯ್ತನಕ್ಕೆ ಕುಂದು ಬರುವುದಿಲ್ಲ.

ಮೊದಲು ಊಟದ ಮಾತು. ಎಲ್ಲರೂ ಉಂಡೆದ್ದ ಮೇಲೆ ಆರಿದ ರೊಟ್ಟಿ, ತಳದ ಪಲ್ಯ ತಿನ್ನುವ ರೂಢಿ ಬಿಡು. ಮಕ್ಕಳ ಜೊತೆಗೇ ತಾಟು ಹಾಕಿಕೊಂಡು ಕೂಡು. ಬಿಸಿ ಜೋಳದ ರೊಟ್ಟಿ, ಕಾಳಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯ, ಹಕ್ಕರಕಿ, ಶೇಂಗಾ ಹಿಂಡಿ, ಮೊಸರು: ನಮ್ಮ ಊಟದಲ್ಲಿ ಕೊರತೆ ಏನೂ ಇಲ್ಲ, ನಿನ್ನ ತಾಟಿಗೆ ಅದು ಬರಬೇಕಷ್ಟೆ. ಕಾಳು, ಸೊಪ್ಪಿನ ಮೇಲೆ ಲಿಂಬೆಹಣ್ಣು ಹಿಂಡಿಕೋ. ಅದರ ಹುಳಿ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಉಂಡ ಕೂಡಲೇ ಕುಡಿಯುವ ಚಹಾ ಅದನ್ನೇ ತಡೆಯುತ್ತದೆ. ಚಹಾ ಬಿಡು ಎನ್ನುವುದಿಲ್ಲ, ಒಂದು ತಾಸು ತಡೆದು ಕುಡಿ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ಮಸುಮ್ಮನೆ ಸಿಟ್ಟು, ಬೆಳಿಗ್ಗೆ ಏಳುವಾಗಲೇ ಸುಸ್ತು ಅದರ ಲಕ್ಷಣಗಳು. ಇದನ್ನೆಲ್ಲ ಸ್ವಭಾವ ಎಂದೋ ವಯಸ್ಸು ಎಂದೋ ತಿಳಿದು ಸುಮ್ಮನಿರುವವರೇ ಹೆಚ್ಚು. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇದ್ದರೆ ವೈದ್ಯರು ಹೇಳಿದಷ್ಟು ದಿನ ಗುಳಿಗೆ ತೆಗೆದುಕೊಳ್ಳಬೇಕು. ಎರಡು ದಿನ ನುಂಗಿ ಡಬ್ಬಿ ಮುಚ್ಚಿಡಬೇಡ.

ಎರಡನೆಯದು ನೀರು. ಶಾಲೆಯಲ್ಲಿ ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯದ ಶಿಕ್ಷಕಿಯರು ಬಹಳ. ನಮ್ಮ ಬಿಸಿಲಿಗೆ ಅದು ಒಳ್ಳೆಯದಲ್ಲ. ಉರಿಮೂತ್ರಕ್ಕೆ ಅದೇ ದಾರಿ. ಬಾಟಲಿ ತುಂಬಿ ಒಯ್ಯಿ, ಸಂಜೆಗೆ ಖಾಲಿ ಮಾಡಿ ತಾ.

ಮೂರನೆಯದು ನಿದ್ದೆ. ರಾತ್ರಿ ಮುಸುರಿ ತಿಕ್ಕಿ, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚಿ, ಆಮೇಲೆ ಮೊಬೈಲ್ ಹಿಡಿದರೆ ನಡುರಾತ್ರಿ ಆಗುತ್ತದೆ. ಹೆಚ್ಚುವ ಕೆಲಸ ಅಳಿಯಂದಿರಿಗೆ ಕೊಡು, ನೀರು ತುಂಬುವುದು ದೊಡ್ಡವಳು ಕಲಿಯಲಿ, ಸಣ್ಣವನೂ ತನ್ನ ತಾಟು ತಾನೇ ತೊಳೆಯಲಿ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ವಾರದಲ್ಲಿ ಎರಡು ದಿನ ಖಡಕ್ ರೊಟ್ಟಿ ತರಿಸು. ನಿನಗೆ ಬಿಡುವು, ಅವರಿಗೆ ದುಡಿಮೆ.

ಹೊರಗಿನ ಗಾಳಿಯೂ ಬೇಕು ತಂಗಿ. 2023ರ ಜೂನ್‌ನಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚಿಲ್ಲ. ತಿಂಗಳಿಗೊಂದು ರವಿವಾರ ಗೆಳತಿಯರ ಜೊತೆ ಸವದತ್ತಿ ಹತ್ತಿರದ ನವಿಲುತೀರ್ಥಕ್ಕೆ ಹೋಗಿ ಮಲಪ್ರಭೆಯ ನೀರು ನೋಡಿ ಬಾ, ಇಲ್ಲವೇ ಮಳೆಗಾಲದಲ್ಲಿ ಸೊಗಲದ ಜಲಪಾತಕ್ಕೆ ಹೋಗು. ಹರಕೆ ಇದ್ದಾಗಲೇ ಹೋಗಬೇಕೆಂದಿಲ್ಲ. ಮನೆಯಿಂದ ಹೊರಬೀಳಲಾಗದ ದಿನ ಸಂಜೆ ಒಂದಿಷ್ಟು ಹೊತ್ತು ಓಣಿಯಲ್ಲಿ ನಡೆದರೂ ಸಾಕು.

ಮನಸ್ಸು ಬಹಳ ದಿನ ಮಂಕಾಗಿ, ಅಳು ತಡೆಯಲಾಗದಂತೆ ಆದರೆ ಒಳಗೇ ಇಟ್ಟುಕೊಳ್ಳಬೇಡ. ನನಗೆ ಹೇಳು, ವೈದ್ಯರಿಗೆ ಹೇಳು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಿಸುತ್ತಾರೆ, ಖರ್ಚಿಲ್ಲ.

ಇದೆಲ್ಲ ನಾಳೆಯಿಂದಲೇ ಒಟ್ಟಿಗೆ ಶುರುವಾಗಬೇಕು ಎಂದು ಹೊಸ ಭಾರ ಹೊತ್ತುಕೊಳ್ಳಬೇಡ. ಒಂದನ್ನು ಹಿಡಿ, ಅದು ರೂಢಿಯಾದ ಮೇಲೆ ಇನ್ನೊಂದು. ನಡುವೆ ತಪ್ಪಿದರೆ ನಿನ್ನನ್ನು ನೀನೇ ಬೈದುಕೊಳ್ಳದೆ ಮರುದಿನ ಮತ್ತೆ ಹಿಡಿ. ನಿನ್ನ ಮಗಳು ನಿನ್ನನ್ನು ನೋಡಿಯೇ ಕಲಿಯುತ್ತಾಳೆ. ತಾಯಿಯಾದವಳು ತನ್ನ ಮೈಮನಸ್ಸನ್ನೂ ನೋಡಿಕೊಳ್ಳಬೇಕು ಎಂಬುದನ್ನು ಅವಳು ನಿನ್ನಿಂದಲೇ ಕಲಿಯಲಿ. ಈ ವಾರವೇ ಸರಕಾರಿ ದವಾಖಾನೆಗೆ ಹೋಗಿ ರಕ್ತ ತಪಾಸಣೆ ಮಾಡಿಸು, ಹಿಮೋಗ್ಲೋಬಿನ್ ಎಷ್ಟು ಬಂತೆಂದು ನನಗೆ ಫೋನ್ ಮಾಡಿ ತಿಳಿಸು.

ಇಂತಿ,
ನಿನ್ನ ದೊಡ್ಡವ್ವ