ಬೀನ್ ಬಂದಾಗ ಮೊಬೈಲ್ ಬದಿಗಿಡಿ

ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವಂಥ ಸಿನಿಮಾ ಬೇಕೇ? 2007ರ ‘ಮಿಸ್ಟರ್ ಬೀನ್ಸ್ ಹಾಲಿಡೇ’ ಹಾಕಿ. ಲಾಟರಿಯಲ್ಲಿ ಕಾನ್ ಕಡಲತೀರದ ಪ್ರವಾಸ ಗೆದ್ದ ಬೀನ್ ಫ್ರಾನ್ಸಿಗೆ ಹೊರಡುತ್ತಾನೆ, ಅಷ್ಟೇ ಕಥೆ. ಭಾಷೆಯ ಚಿಂತೆ ಬೇಡ. ಬೀನ್ ಆಗಿರುವ ರೋವನ್ ಅಟ್ಕಿನ್ಸನ್ ಇಲ್ಲಿ ಮಾತಾಡುವುದೇ ಅಪರೂಪ. ಹುಬ್ಬು, ಮೊಣಕೈ, ಕೋಟಿನ ಗುಂಡಿಯೇ ಸಂಭಾಷಣೆ.

ಅದಕ್ಕೇ ಹೇಳುವುದು, ಕಣ್ಣು ಪರದೆಯ ಮೇಲಿರಲಿ. ಪ್ಯಾರಿಸ್‌ನ ರೈಲು ನಿಲ್ದಾಣದ ಭವ್ಯ ಹೋಟೆಲಿನಲ್ಲಿ ಅವನ ಮುಂದೆ ಹಸಿ ಸಿಂಪಿ ಬಂದು ಕೂರುತ್ತದೆ. ನುಂಗಲಾರ, ಉಗಿಯಲಾರ. ಎದುರಿಗೆ ಮಾಣಿ ನಗುತ್ತಾ ನಿಂತಿದ್ದಾನೆ. ಕೊನೆಗೆ ಸಿಂಪಿಯೆಲ್ಲ ಪಕ್ಕದ ಹೆಂಗಸಿನ ಕೈಚೀಲಕ್ಕೆ! ಆಮೇಲೆ ಅವಳ ಫೋನ್ ರಿಂಗಾಗುತ್ತದೆ. ಮುಂದಿನದನ್ನು ಹೇಳಲಾರೆ. ನೀವೂ ಅಷ್ಟೇ, ಮೊದಲೇ ನೋಡಿದ್ದರೂ ಪಕ್ಕದಲ್ಲಿ ಕೂತು ಬಾಯಿಬಿಡಬೇಡಿ.

ಪುಟ್ಟ ಮಕ್ಕಳಿದ್ದರೆ ಒಂದು ಎಚ್ಚರ: ಬೀನ್‌ನ ಎಡವಟ್ಟಿನಿಂದಲೇ ಹುಡುಗನೊಬ್ಬ ರೈಲಿನಲ್ಲಿ ಅಪ್ಪನಿಂದ ಬೇರಾಗುತ್ತಾನೆ. ಕೆಲವು ಮಕ್ಕಳು ಅಲ್ಲಿ ಸಪ್ಪಗಾಗುತ್ತವೆ. ಮಡಿಲಿಗೆ ಎಳೆದುಕೊಳ್ಳಿ, ಕಾಸಿಲ್ಲದೆ ಬೀನ್, ಹುಡುಗ ಇಬ್ಬರೂ ಸಂತೆಯಲ್ಲಿ ಪುಚ್ಚೀನಿಯ ಒಪೆರಾ ಹಾಡಿಗೆ ತುಟಿಯಾಡಿಸಿ ಅಭಿನಯಿಸುವ ಹೊತ್ತಿಗೆ ನಗು ವಾಪಸಾಗಿರುತ್ತದೆ. ನನಗಂತೂ ಸಿಂಪಿಗಿಂತ ಆ ಸಂತೆಯೇ ಹೆಚ್ಚು.

ನಡುವೆ ಕೊಂಚ ಎಳೆತವಿದೆ, ನಿಜ. ಓಡಿಸಬೇಡಿ, ಚುರುಮುರಿ ಕಲಸಿಕೊಂಡು ಬನ್ನಿ. ದೊಡ್ಡ ಮಕ್ಕಳಿಗೆ ಹಿಡಿಸಿದರೆ ಮುಂದಿನ ಭಾನುವಾರ ಫ್ರೆಂಚ್ ನಿರ್ದೇಶಕ ಝಾಕ್ ತಾತಿಯ ‘ಮೊಸ್ಯೂ ಹುಲೋ’ ರಜೆಗೆ ಹೋದ 1953ರ ಕಪ್ಪು-ಬಿಳುಪು ಚಿತ್ರ ಹುಡುಕಿ. ಬೀನ್ ಚಿತ್ರದ ಹೆಸರಿಗೆ ಅದೇ ಸ್ಫೂರ್ತಿ.